ನೊಂದ ಅಂಗವೂ ಲಿಂಗಾರ್ಪಿತವೂ

ಷಟ್‌ಸ್ಥಲಶಾಸ್ತ್ರವು ಅಂಗದ ಒಂದೊಂದು ಇಂದ್ರಿಯಮುಖಕ್ಕೂ ಒಂದೊಂದು ಲಿಂಗವನ್ನು ಹೇಳಿರುವುದು ಸದ್ಭಕ್ತರಿಗೆ ತಿಳಿದ ವಿಷಯವೇ ಆಗಿದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ರುಚಿಯು ನಾಲಗೆಗೆ ಬಂದೊಡನೆ ಮೊದಲು ಗುರುಲಿಂಗಕ್ಕೆ, ಸ್ಪರ್ಶವು ಚರ್ಮಕ್ಕೆ ಬಂದೊಡನೆ ಮೊದಲು ಜಂಗಮಲಿಂಗಕ್ಕೆ ಅರ್ಪಿಸಿ, ಅನಂತರ ಅದನ್ನು ಪ್ರಸಾದವೆಂದು ಸ್ವೀಕರಿಸತಕ್ಕದ್ದು. ಇದೇ ಲಿಂಗಾರ್ಪಿತದ ಕ್ರಮ. ಆರೋಗ್ಯವಂತರು ಇದನ್ನು ಓದುವಾಗ ಯಾವ ಶಂಕೆಯೂ ಏಳುವುದಿಲ್ಲ. ಆದರೆ ನಾಲಗೆಯಲ್ಲಿ ರುಚಿಯೇ ಉಳಿಯದವನು ಗುರುಲಿಂಗಕ್ಕೆ ಏನನ್ನು ಅರ್ಪಿಸಬೇಕು? ಕರಸ್ಥಲದಲ್ಲಿ ಲಿಂಗವಿದ್ದರೂ ಅದರ ಸ್ಪರ್ಶವೇ ತಿಳಿಯದಷ್ಟು ಅಂಗೈ ಜಡವಾದವಳು ಏನು ಮಾಡಬೇಕು?

ಇವು ವಾದಕ್ಕಾಗಿ ಹುಟ್ಟಿದ ಪ್ರಶ್ನೆಗಳಲ್ಲ. ಅರ್ಬುದರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಚಿಕಿತ್ಸೆ ಪಡೆದು ಬದುಕಿ ಮನೆಗೆ ಮರಳಿದವರ ಒಳಮನಸ್ಸಿನಲ್ಲಿ ಏಳುವ ಪ್ರಶ್ನೆಗಳು. ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಹಳ್ಳಿಗಳಿಂದ ಈ ರೋಗಕ್ಕೆ ಬೆಂಗಳೂರಿಗೆ ಹೋಗುವವರು ಬಹುಮಂದಿ. 1973ರಲ್ಲಿ ಅಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಬಡವರಿಗೂ ದೊಡ್ಡ ಆಶ್ರಯವಾಗಿದೆ. ಶಸ್ತ್ರಚಿಕಿತ್ಸೆ, ಜನರು ‘ಕರೆಂಟು ಕೊಡುವುದು’ ಎಂದು ಕರೆಯುವ ಕಿರಣಚಿಕಿತ್ಸೆ, ರಕ್ತನಾಳದ ಮೂಲಕ ಏರಿಸುವ ಔಷಧಿ, ಇವೆಲ್ಲವೂ ಮುಗಿದ ದಿನ ಬಂಧುಗಳು ವಿಭೂತಿ ಧರಿಸಿ ಸಂತೋಷಪಡುತ್ತಾರೆ. ರೋಗಿಯ ಇನ್ನೊಂದು ಕಷ್ಟ ಅಂದಿನಿಂದ ಆರಂಭವಾಗುವುದೆಂಬುದು ಬಹುಜನರಿಗೆ ತಿಳಿಯದು. ರೋಗವನ್ನು ಕೊಂದ ಚಿಕಿತ್ಸೆಯೇ ದೇಹದಲ್ಲಿ ಕೆಲವು ಗುರುತುಗಳನ್ನು ಬಿಟ್ಟು ಹೋಗಿರುತ್ತದೆ. ಕೆಲವು ತಿಂಗಳಲ್ಲಿ ಅಳಿಯತಕ್ಕವು ಉಂಟು. ಆಯುಷ್ಯವಿರುವತನಕ ಜೊತೆಗೆ ಬರತಕ್ಕವೂ ಉಂಟು.

ಮೊದಲು ಬಾಯಿಯ ವಿಚಾರ. ಈ ಸೀಮೆಯಲ್ಲಿ ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಹಿಂದಿನಿಂದ ಬಂದಿರುವುದರಿಂದ ಬಾಯಿ ಗಂಟಲುಗಳ ಅರ್ಬುದ ಇಲ್ಲಿ ಅಪರೂಪವಲ್ಲ. ಅವರ ಕೊರಳಿಗೂ ದವಡೆಗೂ ಕಿರಣ ಬಿದ್ದಾಗ ಜೊಲ್ಲಿನ ಗ್ರಂಥಿಗಳು ಸುಟ್ಟಂತಾಗುತ್ತವೆ. ಸ್ವಸ್ಥನಾದ ಮನುಷ್ಯನ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಅದು ಇದ್ದಾಗ ಯಾರೂ ಅದನ್ನು ಎಣಿಸುವುದಿಲ್ಲ. ಬತ್ತಿದಾಗ ಮಾತು ಅಂಟುತ್ತದೆ, ರಾತ್ರಿ ನಾಲಗೆ ಅಂಗಳಕ್ಕೆ ಮೆತ್ತಿಕೊಂಡು ಎಚ್ಚರವಾಗುತ್ತದೆ. ಹುಟ್ಟಿದಂದಿನಿಂದ ಅಗಿಯದೆ ನುಂಗಿ ಬೆಳೆದ ರಾಗಿಮುದ್ದೆ ಗಂಟಲಲ್ಲಿ ನಿಲ್ಲುತ್ತದೆ. ಬಯಲುಸೀಮೆಯ ಗೃಹಸ್ಥನಿಗೆ ಮುದ್ದೆ ನುಂಗಲಾಗದಿರುವುದು ಸಾಮಾನ್ಯ ನಷ್ಟವಲ್ಲ. ಮನೆಮಂದಿಯೆಲ್ಲ ಬಸ್ಸಾರು ಮುದ್ದೆಗೆ ಕುಳಿತಾಗ ತಾನೊಬ್ಬನೇ ಲೋಟ ಹಿಡಿದು ಕುಳಿತುಕೊಳ್ಳಬೇಕಾದ ಸಂಕೋಚಕ್ಕೆ ಎಷ್ಟೋ ಮಂದಿ ಪಂಕ್ತಿಗೇ ಬರುವುದಿಲ್ಲ. ಹೀಗೆ ಊಟ ಬಿಟ್ಟು ಸೊರಗುತ್ತಾರೆ.

ಇದಕ್ಕೆ ಇರುವ ಉಪಾಯಗಳು ಸರಳವಾದವು. ಅದೇ ರಾಗಿಯನ್ನು ತೆಳ್ಳಗೆ ಅಂಬಲಿ ಮಾಡಿ ಮಜ್ಜಿಗೆ ಬೆರೆಸಿ ಕೊಡುವುದು. ಹುಳಿ ಖಾರಗಳು ಬಾಯಿ ಉರಿಸಿದರೆ ಬಿಡುವುದು. ಗುಟುಕು ಗುಟುಕಾಗಿ ಪದೇ ಪದೇ ನೀರು ಕುಡಿಯುವುದು. ಊಟದೊಡನೆ ತಿಳಿಸಾರನ್ನೋ ಹಾಲನ್ನೋ ಇಟ್ಟುಕೊಳ್ಳುವುದು. ನುಂಗುವಾಗ ಪದೇ ಪದೇ ಕೆಮ್ಮು ಬಂದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದಾದ್ದರಿಂದ ವೈದ್ಯರಿಗೆ ಹೇಳತಕ್ಕದ್ದು. ಬಾಯಿ ಬಿಗಿದು ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ಇಡಲಾಗದಂತಾದರೆ ದವಡೆ ಹಿಡಿಯುತ್ತಿದೆಯೆಂದು ತಿಳಿದು, ವೈದ್ಯರು ತೋರಿಸಿಕೊಟ್ಟ ವ್ಯಾಯಾಮವನ್ನು ನಿತ್ಯವೂ ಮಾಡಬೇಕು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತದೆ. ಆದರೆ ಕಿರಣ ಬಿದ್ದ ದವಡೆಯ ಎಲುಬು ಗಾಯವಾದರೆ ಮಾಯುವುದು ಕಷ್ಟ. ಆದುದರಿಂದ ಎಷ್ಟು ವರ್ಷ ಕಳೆದಿದ್ದರೂ, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಆ ಹಿಂದಿನ ಚಿಕಿತ್ಸೆಯ ಸಂಗತಿಯನ್ನು ತಿಳಿಸದೆ ಇರಕೂಡದು. ಇಂಥವರ ಹಲ್ಲಿಗೆ ವೈದ್ಯರು ಫ್ಲೋರೈಡು ಹಚ್ಚಲು ಹೇಳುವುದುಂಟು. ಕೊಳವೆಬಾವಿಯ ನೀರಿನಲ್ಲಿ ಅದು ಮಿತಿಮೀರಿ ಹಲ್ಲು ಮೂಳೆಗಳನ್ನು ಕೆಡಿಸಿರುವುದನ್ನು ಕಂಡ ಈ ಜಿಲ್ಲೆಯವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಕುಡಿಯುವುದು ಬೇರೆ, ಹೊರಗಿನಿಂದ ಹಲ್ಲಿಗೆ ಲೇಪಿಸುವುದು ಬೇರೆ. ಕೊರಳಿಗೆ ಕಿರಣ ಬಿದ್ದವರಲ್ಲಿ ಥೈರಾಯಿಡ್ ಗ್ರಂಥಿಯೂ ಮಂದವಾಗುವುದುಂಟು. ಕಾರಣವಿಲ್ಲದ ಜಡತ್ವ, ಚಳಿ, ಮೈ ಊದುವಿಕೆ ಕಂಡರೆ ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ; ದಿನಕ್ಕೊಂದು ಮಾತ್ರೆಯಿಂದ ಸರಿಹೋಗುತ್ತದೆ.

ಬೀಗರ ಮನೆಯ ಶುಭಕಾರ್ಯದಲ್ಲಿ ತಾಂಬೂಲ ಕೊಟ್ಟರೆ? ಅಡಿಕೆಯು ಹೊಗೆಸೊಪ್ಪಿಲ್ಲದೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು 2004ರಲ್ಲಿಯೇ ಪ್ರಕಟಿಸಿದೆ. ತಾಂಬೂಲವನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕಿಟ್ಟರೆ ಕೊಟ್ಟವರ ಗೌರವಕ್ಕೆ ಯಾವ ಲೋಪವೂ ಇಲ್ಲ. ಬಲವಂತ ಮಾಡುವವರೇ ಮರ್ಯಾದೆ ತಪ್ಪಿದವರು.

ಇನ್ನು ಪ್ರಸಾದದ ಪ್ರಶ್ನೆ. ಪ್ರಸಾದವನ್ನು ಕೆಡಿಸಬಾರದು, ಉಳಿಸಬಾರದು ಎಂಬ ನೇಮದಲ್ಲಿ ಬೆಳೆದವನಿಗೆ ಬಾಯಿ ಹುಣ್ಣಾದಾಗ, ಕಂಡ ಅನ್ನವೆಲ್ಲ ಹುಲ್ಲಿನಂತೆಯೋ ಕಬ್ಬಿಣದಂತೆಯೋ ತೋರುವಾಗ, ಎಡೆಯಲ್ಲಿ ಅರ್ಧ ಉಳಿಯುತ್ತದೆ. ಅವನು ತಾನು ಪ್ರಸಾದಿಸ್ಥಲಕ್ಕೆ ಅಯೋಗ್ಯನಾದೆನೆಂದು ಕೊರಗುತ್ತಾನೆ. ತಪ್ಪು ಅವನದಲ್ಲ, ಬಡಿಸಿದವರದು. ಎರಡು ಚಮಚದಷ್ಟೇ ಬಡಿಸಿ, ಬೇಕೆಂದಾಗ ಮತ್ತೆ ಎರಡು ಚಮಚ ಬಡಿಸಿದರೆ ನೇಮವೂ ಉಳಿಯಿತು, ಹೊಟ್ಟೆಗೂ ಸೇರಿತು. ರುಚಿಯಿಲ್ಲದ ನಾಲಗೆಯ ಅರ್ಪಿತವಾದರೋ ಹೆಚ್ಚು ವಿಚಾರಕ್ಕೆ ಯೋಗ್ಯವಾದುದು. ಲಿಂಗಕ್ಕೆ ಅರ್ಪಿಸುವುದು ಸಿಹಿಯನ್ನಲ್ಲ, ಕಹಿಯನ್ನಲ್ಲ. ‘ಇದು ತನ್ನದು’ ಎಂಬ ಭಾವವನ್ನು. ಸವಿಯಾದಾಗ ಆ ಸವಿಯನ್ನು ಮುಂದಿಟ್ಟಂತೆ, ಸಪ್ಪೆಯಾದಾಗ ಆ ಸಪ್ಪೆಯನ್ನೇ ಮುಂದಿಡುವುದು ಕಡಿಮೆಯ ಅರ್ಪಿತವಲ್ಲ. ಆರು ಲಿಂಗಗಳಲ್ಲಿ ಕೊನೆಯದಾದ ಮಹಾಲಿಂಗಕ್ಕೆ ಹೃದಯವೇ ಮುಖ, ತೃಪ್ತಿಯೇ ಪದಾರ್ಥವೆಂದು ಶಾಸ್ತ್ರ ಹೇಳಿರುವುದು ಬರಿಯ ಎಣಿಕೆ ತುಂಬಿಸುವುದಕ್ಕಲ್ಲ. ಐದು ಬಾಗಿಲುಗಳಲ್ಲಿ ಒಂದು ಮುಚ್ಚಿದಾಗಲೂ ಆರನೆಯದು ತೆರೆದಿರುತ್ತದೆ. ರುಚಿಯೂ ಬಹುಮಂದಿಗೆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮರಳುವುದುಂಟು. ಜೊಲ್ಲು ಮಾತ್ರ ನಿಧಾನ. ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ.

ಎರಡನೆಯದು ಕೈಯ ಕಷ್ಟ. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾಗುವಾಗ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ಅನೇಕ ವೇಳೆ ತೆಗೆಯಬೇಕಾಗುತ್ತದೆ. ದುಗ್ಧರಸವು ತೋಳಿನಿಂದ ಹಿಂದಿರುಗುವ ದಾರಿ ಕಿರಿದಾಗಿ, ಅಂಥವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಕೈ ಬಾತುಕೊಳ್ಳುತ್ತದೆ. ತಿಂಗಳಲ್ಲಿಯೇ ಕಾಣಬಹುದು, ವರ್ಷಗಳ ಮೇಲೂ ಕಾಣಬಹುದು. ಮೊದಲ ಗುರುತು ಕೈ ಭಾರವೆನ್ನಿಸುವುದು, ಬಳೆ ಬಿಗಿಯಾಗುವುದು. ಅಲ್ಲಿಯೇ ಒಂದು ಅನಾಹುತ ನಡೆಯುತ್ತದೆ. ಬಿಗಿದ ಬಳೆಯನ್ನು ತೆಗೆದರೆ ಅಮಂಗಳವೆಂದು ಹೆದರಿ ಮುತ್ತೈದೆಯರು ಅದನ್ನು ಹಾಗೆಯೇ ಇಟ್ಟುಕೊಂಡು, ಚರ್ಮ ಕೊರೆದು ಗಾಯ ಮಾಡಿಕೊಳ್ಳುತ್ತಾರೆ. ಬಳೆ ಇನ್ನೊಂದು ಕೈಯಲ್ಲಿದ್ದರೆ ಸಾಲದೇ? ಸೌಭಾಗ್ಯವು ಗಾಜಿಗೆ ಅಂಟಿಕೊಂಡಿದ್ದುದೆಂದು ಯಾವ ಶರಣರೂ ಹೇಳಿಲ್ಲ.

ಬಾತದ್ದು ಎಡಗೈಯಾದರೆ ಲಿಂಗವಂತ ತಾಯಿಗೆ ಸಂಕಟ ಇಮ್ಮಡಿ. ನಿತ್ಯವೂ ಇಷ್ಟಲಿಂಗವನ್ನು ಎಡದ ಕರಸ್ಥಲದಲ್ಲಿಟ್ಟು ದೃಷ್ಟಿ ನಿಲ್ಲಿಸುವುದೇ ಅವಳ ಪೂಜೆ. ಐದು ನಿಮಿಷಕ್ಕೆ ಭುಜ ಸೋಲುತ್ತದೆ, ಕೈ ನಡುಗುತ್ತದೆ, ಲಿಂಗ ಜಾರೀತೆಂಬ ಭಯ ಹುಟ್ಟುತ್ತದೆ. ಕೊನೆಗೆ ಪೂಜೆಯನ್ನೇ ಬಿಡುತ್ತಾಳೆ. ಬಿಡಬೇಕಾದುದಿಲ್ಲ. ತೊಡೆಯ ಮೇಲೆ ದಿಂಬನ್ನೋ, ಮುಂದೆ ಎತ್ತರದ ಮಣೆಯನ್ನೋ ಇಟ್ಟು ಮೊಣಕೈಗೆ ಆಸರೆ ಕೊಡಬಹುದು. ಅರ್ಧ ಗಂಟೆಯ ಪೂಜೆಯನ್ನು ಹತ್ತು ನಿಮಿಷದಂತೆ ಮೂರು ಸಲ ಮಾಡಬಹುದು. ಅದೂ ಆಗದಿದ್ದರೆ ದೀಕ್ಷಾಗುರುಗಳಲ್ಲಿ ಅರಿಕೆಮಾಡಿ ಅವರು ಹೇಳಿದಂತೆ ನಡೆಯಬಹುದು. ಕೈಯನ್ನು ಆಡಿಸದೆ ಕಟ್ಟಿಹಾಕಿದಂತೆ ಇಡುವುದು ಒಳ್ಳೆಯದೆಂಬ ಭ್ರಮೆಯೂ ಉಂಟು. ಹಾಗಲ್ಲ, ಕ್ರಮವಾಗಿ ಹೆಚ್ಚಿಸುವ ವ್ಯಾಯಾಮವೂ ವೈದ್ಯರು ಅಳತೆ ಮಾಡಿ ಕೊಡುವ ಬಿಗಿತೋಳೂ ಬಾವನ್ನು ಹತೋಟಿಯಲ್ಲಿಡುತ್ತವೆ. ಹೂವಿನ ತೋಟದ ಕೆಲಸಕ್ಕೆ ಹೋಗುವವರು ಗುಲಾಬಿಯ ಮುಳ್ಳಿಗೆ ಕೈಗವಸಿಲ್ಲದೆ ಆ ಕೈ ಒಡ್ಡಬಾರದು. ಸಣ್ಣ ಗೀರಿನಿಂದಲೂ ಕೈ ಕೆಂಪೇರಿ, ಬಿಸಿಯಾಗಿ, ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಲಿಂಗಧಾರಣೆಯ ವಿಷಯದಲ್ಲಿಯೂ ಇದೇ ತೊಡಕು. ಕಿರಣ ಬಿದ್ದ ಕೊರಳಿನ ಚರ್ಮಕ್ಕೆ ಶಿವದಾರ ಉಜ್ಜುತ್ತದೆ. ಶಸ್ತ್ರಚಿಕಿತ್ಸೆಯ ಕಲೆಯ ಮೇಲೆ ಬೆಳ್ಳಿಯ ಕರಡಿಗೆ ಒತ್ತುತ್ತದೆ. ನೋವನ್ನು ಸಹಿಸಿಯೇ ಧರಿಸುವೆನೆಂಬುದು ಒಂದು ಹಟ, ತೆಗೆದು ಪೆಟ್ಟಿಗೆಯಲ್ಲಿಡುವೆನೆಂಬುದು ಇನ್ನೊಂದು ಹತಾಶೆ. ಸಿದ್ಧಾಂತಶಿಖಾಮಣಿಯು ಲಿಂಗಧಾರಣೆಗೆ ಶಿರಸ್ಸು, ಕಂಠ, ಕಕ್ಷ, ವಕ್ಷಃಸ್ಥಲ, ಕುಕ್ಷಿ, ಹಸ್ತ ಎಂದು ಆರು ಸ್ಥಾನಗಳನ್ನು ಹೇಳಿ, ನಾಭಿಯ ಕೆಳಗೆ ಮಾತ್ರ ಬೇಡವೆಂದಿದೆ. ಆರು ಸ್ಥಾನಗಳಲ್ಲಿ ಒಂದೆರಡು ನೊಂದಿದ್ದರೆ ಉಳಿದವು ಇವೆಯಷ್ಟೆ! ಕರಡಿಗೆಯ ಬದಲು ಮೆತ್ತನೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೋವಿಲ್ಲದ ಪಕ್ಕದಲ್ಲಿ ಸಡಿಲವಾಗಿ ಕಟ್ಟಿಕೊಳ್ಳಬಹುದು. ಬಾತ ಕೈಗೆ ಮಾತ್ರ ಯಾವ ದಾರವನ್ನೂ ಕಟ್ಟಬಾರದು. ವಿಭೂತಿಯನ್ನೂ, ಸುಟ್ಟ ಚರ್ಮ ಮಾಯುವತನಕ ಹಣೆಗೆ ಮಾತ್ರ ಧರಿಸಿದರೆ ಸಾಕು.

ಅಂಗೈ ಅಂಗಾಲುಗಳ ಜೋಮು ಮತ್ತೊಂದು ಬಗೆಯದು. ಪ್ಯಾಕ್ಲಿಟಾಕ್ಸೆಲ್, ಸಿಸ್‌ಪ್ಲಾಟಿನ್ ಮುಂತಾದ ಕೆಲವು ಔಷಧಿಗಳು ನರಗಳ ತುದಿಗಳನ್ನು ಕೆಡಿಸುತ್ತವೆ. ಗುಂಡಿ ಹಾಕಲಾಗದು, ಸೂಜಿ ಹಿಡಿಯಲಾಗದು, ಕಾಲಿನ ಕೆರ ಜಾರಿಹೋದರೂ ತಿಳಿಯದು. ಶಿಡ್ಲಘಟ್ಟದ ಕಡೆ ರೇಷ್ಮೆನೂಲು ಬಿಚ್ಚುವವರು ಕುದಿನೀರಿನ ಬಾನಿಯ ಮುಂದೆ ಕುಳಿತು ದುಡಿಯುತ್ತಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರ ಕೈಯಲ್ಲಿ ದಿನವೂ ಕುಡುಗೋಲು. ಸ್ಪರ್ಶವಿಲ್ಲದ ಬೆರಳು ಬೆಂದರೂ ಕೊಯ್ದರೂ ಒಡನೆ ತಿಳಿಯದು. ಇಂಥವರು ಕಾಯಕವನ್ನು ಬಿಡಬೇಕಾಗಿಲ್ಲ, ಬದಲಿಸಿಕೊಳ್ಳಬೇಕು: ಹುಳುವಿಗೆ ಸೊಪ್ಪು ಹಾಕುವುದು, ಲೆಕ್ಕ ಬರೆಯುವುದು, ಮಕ್ಕಳಿಗೆ ಓದು ಹೇಳುವುದು. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದಲೋ ಬೇರೆಯವರಿಂದಲೋ ನೋಡಿಸಿಕೊಳ್ಳಬೇಕು. ಬರಿಗಾಲಲ್ಲಿ ಹೊಲಕ್ಕೆ ಹೋಗಕೂಡದು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕಣ್ಣಿನಿಂದ ನೋಡಿಕೊಳ್ಳಬೇಕು. ಕೈ ತಿಳಿಯದಿದ್ದುದನ್ನು ಕಣ್ಣು ತಿಳಿಯುತ್ತದೆ. ಪೂಜೆಯಲ್ಲಿಯೂ ಹಾಗೆಯೇ. ಸ್ಥೂಲಕ್ಕೆ ಇಷ್ಟಲಿಂಗ, ಸೂಕ್ಷ್ಮಕ್ಕೆ ಪ್ರಾಣಲಿಂಗ, ಕಾರಣಕ್ಕೆ ಭಾವಲಿಂಗವೆಂದು ಮೂರು ತನುವಿಗೆ ಮೂರು ಲಿಂಗಗಳನ್ನು ಹೇಳಿದ ಮತದಲ್ಲಿ, ಅಂಗೈಯ ಚರ್ಮ ಜಡವಾದ ಮಾತ್ರಕ್ಕೆ ಲಿಂಗಸಂಬಂಧ ಕಡಿದುಹೋಯಿತೆಂಬುದು ಹೇಗೆ ನಿಂತೀತು?

ಎಲ್ಲಕ್ಕಿಂತ ಹೆಚ್ಚು ಜನರನ್ನು ಬಾಧಿಸುವುದು, ಎಲ್ಲಕ್ಕಿಂತ ಕಡಿಮೆ ಮರುಕ ಪಡೆಯುವುದು ಬಳಲಿಕೆ. ‘ಎಲ್ಲಾ ವಾಸಿ ಆಯ್ತಲ್ಲಮ್ಮ, ಇನ್ನೂ ಯಾಕೆ ಮಲಗಿದೀಯ?’ ಎಂದು ನೆರೆಯವರು ಕೇಳುತ್ತಾರೆ. ಈ ದಣಿವು ದುಡಿದು ಬಂದುದಲ್ಲವಾದ್ದರಿಂದ ನಿದ್ದೆಯಿಂದ ಹೋಗುವುದೂ ಇಲ್ಲ. ರಕ್ತಹೀನತೆ ಮೊದಲಾದ ಕಾರಣಗಳಿವೆಯೇ ಎಂದು ವೈದ್ಯರು ನೋಡಿದ ಮೇಲೂ ಉಳಿಯುವ ಬಳಲಿಕೆಗೆ ದಿನವೂ ಸ್ವಲ್ಪ ಸ್ವಲ್ಪ ನಡೆಯುವುದೇ ಹೆಚ್ಚು ಫಲಕಾರಿಯೆಂದು ಕಂಡುಬಂದಿದೆ. ರೋಗಿ ಮಾಡುವ ತಪ್ಪೆಂದರೆ, ಮೈ ಹಗುರವೆನಿಸಿದ ಒಂದು ದಿನ ಮೂರು ದಿನದ ಕೆಲಸ ಮಾಡಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಸೇರಿಸದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ಕಥೆ ಮಠದ ಮಕ್ಕಳಿಗೂ ಬರುತ್ತದೆ. ಅದನ್ನು ಆಶೆಯ ಖಂಡನೆಯೆಂದೇ ಹೇಳುವುದು ವಾಡಿಕೆ. ರೋಗದಿಂದ ಎದ್ದವನ ಶಕ್ತಿಗೂ ಅದು ಸಲ್ಲುತ್ತದೆ. ಅಂದಂದಿನ ಬಲದಲ್ಲಿ ಅಂದಂದಿನ ಕಾಯಕ. ಮಿಕ್ಕ ಬಲವಿದ್ದರೂ ಅದನ್ನು ಬಾಚಿ ಖರ್ಚುಮಾಡಲಾಗದು.

ಸಹನೆಯ ಹೆಸರಿನಲ್ಲಿ ನೋವನ್ನು ಮುಚ್ಚಿಡುವವರೂ ಇದ್ದಾರೆ, ಅವರೇ ಹೆಚ್ಚೆಂದರೂ ತಪ್ಪಾಗದು. ದೇಹವನ್ನು ಕಲ್ಲಾಗಿಸುವುದೇ ಸಿದ್ಧಿಯೆಂಬ ಹಳೆಯ ಕಲ್ಪನೆ ಇದಕ್ಕೆ ಮೂಲ. ಅಲ್ಲಮಪ್ರಭುಗಳೂ ಗೋರಕ್ಷನೂ ಎದುರಾದ ಪ್ರಸಂಗವನ್ನು ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಹಾಡಿದ್ದಾನೆ. ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿದಾಗ ಖಣಿಲೆಂದು ಸದ್ದಾಯಿತು. ಪ್ರಭುಗಳ ಕಾಯದಲ್ಲಿ ಅದೇ ಕತ್ತಿ ಬಯಲಿನಲ್ಲಿ ಆಡಿದಂತೆ ಆಡಿತು. ಸೋತವನು ವಜ್ರಕಾಯನೇ. ಶರಣಮಾರ್ಗದಲ್ಲಿ ಗಟ್ಟಿ ದೇಹಕ್ಕೆ ವಿಶೇಷ ಪದವಿಯಿಲ್ಲವೆಂದಮೇಲೆ, ನೊಂದ ದೇಹಕ್ಕೆ ಕೀಳು ಪದವಿ ಎಲ್ಲಿಂದ ಬಂದೀತು? ನೋವನ್ನು ಮುಚ್ಚಿಡುವುದು ತಿತಿಕ್ಷೆಯಲ್ಲ. ವೈದ್ಯರಿಗೆ ಹೇಳಿಕೊಳ್ಳುವುದು ಆಳುತನದ ಕೊರತೆಯೂ ಅಲ್ಲ. ಔಷಧಿ ಏರಿಸುತ್ತಿರುವ ದಿನಗಳಲ್ಲಂತೂ 100.4 ಡಿಗ್ರಿ ಜ್ವರ ಬಂದರೆ ಕಷಾಯ ಕುಡಿದು ಮಲಗುವುದು ಪ್ರಾಣಕ್ಕೇ ಅಪಾಯ. ರಾತ್ರಿಯೇ ಆದರೂ ಹೊರಡಬೇಕು.

ಹೇಳಿಕೊಳ್ಳಲು ಅತ್ಯಂತ ನಾಚುವವರು ಗರ್ಭಕೊರಳಿನ ಅರ್ಬುದಕ್ಕೆ ಕಿರಣಚಿಕಿತ್ಸೆ ಪಡೆದ ತಾಯಂದಿರು, ಕರುಳಿನ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ಪಕ್ಕದಲ್ಲಿ ಮಲಚೀಲ ಧರಿಸಬೇಕಾದವರು. ಮೂತ್ರ ತಡೆಯಲಾಗದಿರುವುದು, ಬೇಧಿ, ರಕ್ತ ಕಾಣುವುದು, ಅಂಗ ಬಿಗಿದು ದಾಂಪತ್ಯ ಕಷ್ಟವಾಗುವುದು, ಇವುಗಳಿಗೆಲ್ಲ ಇಂದು ಉಪಚಾರವುಂಟು; ಸ್ತ್ರೀವೈದ್ಯರಲ್ಲಿ ಬಾಯಿಬಿಟ್ಟು ಕೇಳಿದರೆ ದೊರೆಯುತ್ತದೆ. ಗಂಡನಾದವನು ಮೌನವಾಗಿ ದೂರ ಸರಿಯದೆ, ಜೊತೆಗೆ ಹೋಗಿ ವೈದ್ಯರ ಮಾತನ್ನು ತಾನೂ ಕೇಳಬೇಕು. ಇಂಥವರು ಮೈಲಿಗೆಯೆಂದು ಹೆದರಿ ಪೂಜೆಯ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಕೆಲವು ಮನೆಗಳಲ್ಲಿ ಅವರಿಗೆ ತಟ್ಟೆ ಲೋಟಗಳನ್ನೇ ಬೇರೆ ಇಡುತ್ತಾರೆ. ಅರ್ಬುದವು ಅಂಟುವ ರೋಗವಲ್ಲ. ಇನ್ನು ಸೂತಕದ ಮಾತು: ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತನಿಗಿಲ್ಲವೆಂದು ಶರಣರು ಖಂಡತುಂಡವಾಗಿ ಹೇಳಿ ಎಂಟುನೂರು ವರ್ಷಗಳಿಗೂ ಮಿಗಿಲಾಯಿತು. ಲಾಂಛನವನ್ನು ಧರಿಸಿಕೊಂಡು, ಅವರು ಹೊರಗೆ ಹಾಕಿದುದನ್ನು ಹಿತ್ತಲ ಬಾಗಿಲಿನಿಂದ ಒಳಗೆ ತರುವವರಿಗೆ ಏನು ಹೇಳಬೇಕು? ಚೀಲವನ್ನು ಶುಚಿಗೊಳಿಸಿ, ಮೈ ತೊಳೆದು, ಮಡಿಬಟ್ಟೆಯುಟ್ಟು ಬಂದವರು ನಿಶ್ಶಂಕೆಯಿಂದ ಲಿಂಗಪೂಜೆಗೆ ಕುಳಿತುಕೊಳ್ಳಬಹುದು. ‘ಹಿಂದಿನ ಜನ್ಮದ ಪಾಪ’ ಎಂದು ಅವರ ಕಿವಿಗೆ ಬೀಳುವಂತೆ ಆಡುವ ನಾಲಗೆಗಳಿಗೆ ಯಾವ ಕಿರಣವೂ ಬಿದ್ದಿಲ್ಲ, ಆದರೂ ಅವುಗಳಲ್ಲಿ ರಸವಿಲ್ಲ.

ಶಿವರಾತ್ರಿಯ ಕಾಲಕ್ಕೆ ನಂದಿಯಲ್ಲಿ ಭೋಗನಂದೀಶ್ವರನ ರಥೋತ್ಸವ. ಸುತ್ತಿನ ಊರುಗಳೆಲ್ಲ ಸೇರುತ್ತವೆ; ಉಪವಾಸ, ಜಾಗರಣೆ, ಬೆಟ್ಟ ಹತ್ತಿ ಯೋಗನಂದೀಶ್ವರನ ದರ್ಶನ, ಎಲ್ಲವೂ ನಡೆಯುತ್ತವೆ. ಚಿಕಿತ್ಸೆ ಮುಗಿಸಿ ಬಂದವರು, ‘ಈ ವರ್ಷವಾದರೂ ಹರಕೆ ತೀರಿಸಲೇಬೇಕು’ ಎಂದು ನಿರಾಹಾರವಾಗಿ ಹೊರಡುವುದುಂಟು. ಇಷ್ಟಲಿಂಗವನ್ನು ಮೈಮೇಲೆ ಧರಿಸಿದವನಿಗೆ ಬೆಟ್ಟದ ಮೇಲಿನ ದರ್ಶನ ಕಡ್ಡಾಯವಲ್ಲ. ಕೆಳಗಿನ ಗುಡಿಯ ಅಂಗಳದಲ್ಲಿ ನೆರಳು ನೋಡಿಕೊಂಡು ಒಂದು ಸುತ್ತು ನಡೆದು, ಕಲ್ಯಾಣಿಯ ಬಳಿ ಕುಳಿತು ದಣಿವಾರಿಸಿಕೊಳ್ಳಬಹುದು. ಕುಡಿಯುವ ನೀರು ಜೊತೆಯಲ್ಲಿರಲಿ. ಅನ್ನದೊಡನೆ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ಅಂದೂ ಅನ್ನದೊಡನೆಯೇ ತೆಗೆದುಕೊಳ್ಳಬೇಕು. ಲಿಂಗಕ್ಕೆ ತೋರಿಸಿ ಸ್ವೀಕರಿಸಿದ ಅಂಬಲಿಯಿಂದ ಯಾವ ವ್ರತವೂ ಭಂಗವಾಗದು. ಮನೆಯವರು ಜಾಗರಣೆಗೆ ಕುಳಿತುಕೊಳ್ಳಲಿ. ರೋಗಿಯನ್ನು ಒಂಬತ್ತು ಗಂಟೆಗೆ ಮಲಗಿಸಿ, ತಲೆಯ ಬಳಿ ಒಂದು ಲೋಟ ನೀರಿಟ್ಟು, ಬೆಳಗಿನ ಪೂಜೆಗೆ ಎಬ್ಬಿಸಿದರೆ ಸಾಕು.